ಒಂದು ತಾಸಿನ ಹೈದರಾಬಾದು

ಹುನಗುಂದದ ಹತ್ತಿರದ ನಮ್ಮೂರಿನ ಪದ್ಮವ್ವನಿಗೆ ದೂರವೆಂದರೆ ಕುರಿ ನಡೆದಷ್ಟು. ಕೂಡಲಸಂಗಮ ಎಷ್ಟು ದೂರ ಎಂದು ಕೇಳಿದರೆ, ಹಿಂಡು ಹೊಡಕೊಂಡೋ, ಬಿಟ್ಟೋ ಎಂದು ತಿರುಗಿ ಕೇಳುವ ಹೆಂಗಸು. ಬಾಗಲಕೋಟೆಯ ದವಾಖಾನೆ ದಾಟಿ ಹೋದವಳಲ್ಲ. ಅಂಥವಳು ಕಳೆದ ಚಳಿಗಾಲ ವಿಮಾನ ಹತ್ತಲು ಹೊರಟಳು.

ಕಾರಣ ಗಿಣ್ಣ. ಹೈದರಾಬಾದಿನಲ್ಲಿರುವ ಮಗಳು ಭಾಗ್ಯಾ ಬಸುರಿ. ಮೊದಲನೆಯದು ನಿಂತಿರಲಿಲ್ಲ, ಈ ಸಲ ಏಳು ತಿಂಗಳು ತುಂಬಿತ್ತು. ಗಿಣ್ಣ ತಿನ್ನುವ ಆಸೆಯಾಗಿದೆ ಎಂದು ಫೋನಿನಲ್ಲಿ ಅಂದಳು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ಪದ್ಮವ್ವನ ಪಾಲಿಗೆ ಮನೆದೇವರು ಬೀರಪ್ಪನಷ್ಟೇ ಖರೆ. ಪುಣ್ಯಕ್ಕೆ ಅದೇ ವಾರ ಎಮ್ಮೆ ಈದಿತು. ಆದರೆ ಹಸಿ ಗಿಣ್ಣದ ಹಾಲು ಬಸ್ಸಿನಲ್ಲಿ ರಾತ್ರಿಯಿಡೀ ಕುಲುಕಿದರೆ ಕೆಡುತ್ತದೆ. ಕಾಸಿ ಒಯ್ಯಲು ಅವಳು ಒಪ್ಪಲಿಲ್ಲ. ಬಯಕೆಯ ಗಿಣ್ಣವನ್ನು ತಾಯಿ ಮುಂದೆ ಕೂತು ಬಿಸಿಬಿಸಿ ಉಣಿಸಬೇಕಂತೆ. ಅಲ್ಲಿ ಗ್ರಾನೈಟ್ ಹಾಸುವ ಕೆಲಸದಲ್ಲಿರುವ ಅಳಿಯ ನಿಂಗರಾಜ, ಹುಬ್ಬಳ್ಳಿಯಿಂದ ವಿಮಾನಕ್ಕೆ ಬರೀ ಒಂದು ತಾಸು ಎಂದು ಟಿಕೆಟ್ ತೆಗೆಸಿಬಿಟ್ಟ.

ಆ ಒಂದು ತಾಸನ್ನೇ ನಂಬಿ, ಹಾಲಿನ ಕ್ಯಾನು ಮಡಿಲಲ್ಲಿಟ್ಟುಕೊಂಡು ಪದ್ಮವ್ವ ನಮ್ಮೂರ ಫೈಜಾನನ ಕಾರು ಹತ್ತಿದಳು. ಕಾರು ಪಡುವಣಕ್ಕೆ ತಿರುಗಿದೊಡನೆ ತಕರಾರು ತೆಗೆದಳು: ಹೈದರಾಬಾದು ಇರುವುದು ಮೂಡಣಕ್ಕಲ್ಲವೇ? ಮೊದಲು ಹಿಂದಕ್ಕೆ ಹೋಗಬೇಕು, ಆಮೇಲೆ ವಿಮಾನ ನಮ್ಮ ಹೊಲದ ಕಡೆಗೇ ಹಾರಿ ಬರುತ್ತದೆ ಎಂದು ಫೈಜಾನ ನಕ್ಕ. ಇದ್ಯಾವ ಜಾಣ ಹಾಕಿದ ಹಾದಿ ಎಂದು ಅವಳು ಗೊಣಗುತ್ತಲೇ ಇದ್ದಳು. ಹುಬ್ಬಳ್ಳಿಗೇ ಮೂರು ತಾಸು ಹಿಡಿಯಿತು. ಅಲ್ಲಿ ಹೋದರೆ ವಿಮಾನಕ್ಕೆ ಇನ್ನೂ ಎರಡು ತಾಸು ಕಾಯಬೇಕು.

ತಪಾಸಣೆಯಲ್ಲಿ ಪೊಲೀಸ್ ಹುಡುಗಿ ಕ್ಯಾನು ತೆರೆದು ನೋಡಿ, ಇಷ್ಟು ಹಾಲು ಒಳಗೆ ಬಿಡುವುದಿಲ್ಲ, ಚೆಲ್ಲಿ ಬನ್ನಿ ಎಂದಳು. ಪದ್ಮವ್ವ ಜಗಳಾಡಲಿಲ್ಲ. ಮಗಳ ಪಾಲಿನ ಹಾಲನ್ನು ಚೆಲ್ಲಲು ಅವಳಿಗೆ ಕೈ ಬರಲಿಲ್ಲ, ಅಷ್ಟೇ. ಗಟ್ಟಿ ಗಿಣ್ಣವಾದರೆ ಬಿಟ್ಟಾರೆಂದು ಹೊರಗೆ ಬಂದು ಚಹಾದಂಗಡಿಯವನನ್ನು ಬೇಡಿಕೊಂಡು, ಚೀಲದಲ್ಲಿದ್ದ ಬೆಲ್ಲ, ಏಲಕ್ಕಿ ಹಾಕಿ, ಕುದಿಯುವ ನೀರಿನಲ್ಲಿ ಕ್ಯಾನು ಇಟ್ಟು ಕೂತಳು. ಬಿಸಿ ಗಿಣ್ಣದ ಹಠ ಅಲ್ಲಿಗೆ ಮುಗಿಯಿತು. ಆರಿದ್ದಾದರೂ ಸರಿ, ಮುಟ್ಟಿದರೆ ಸಾಕಿತ್ತು. ಗಿಣ್ಣ ಗಟ್ಟಿಯಾಗುವಷ್ಟರಲ್ಲಿ ವಿಮಾನ ತಲೆಯ ಮೇಲೆ ಹಾರಿ ಹೋಯಿತು. ಅವಳಿಗೆ ಅಳುವೇ ಬಂತು. ಫೋನಿನಲ್ಲಿ ಅಳಿಯ ಸಿಟ್ಟು ತಡೆದುಕೊಂಡು, ಬಸ್ಸಿಗಾದರೂ ಬರ್ರಿ ಎಂದ.

ಸಂಜೆಯ ಬಸ್ಸು ಬಂದದ್ದು ಹುನಗುಂದದ ಮೇಲೆಯೇ. ಇಳಿದರೆ ಮನೆ, ಗಂಡ, ಎಮ್ಮೆ. ಅವಳು ಕ್ಯಾನು ಅವಚಿಕೊಂಡು ಕೂತೇ ಇದ್ದಳು.

ಮುಂಜಾನೆ ಭಾಗ್ಯಾ ನೆಲಕ್ಕೆ ಕೂತು, ಆರಿದ ಗಿಣ್ಣವನ್ನು ತಿನ್ನತೊಡಗಿದಳು. ನಿಂಗರಾಜನಿಗೆ ಟಿಕೆಟ್ಟಿನ ಸಂಕಟ ಇನ್ನೂ ಹೋಗಿರಲಿಲ್ಲ.

"ಹಾಲು ಚೆಲ್ಲಿ ಬಂದಿದ್ರ ನಿನ್ನೇನ ಮುಟ್ಟತಿದ್ರಿ, ಅತ್ತಿ. ವಿಮಾನ ಎಷ್ಟು ಲಗೂ ಬರ್ತೈತಿ."

ಪದ್ಮವ್ವ ಮಗಳ ಬಾಯಿಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಬರ್ತೈತ್ರಿ ಅಳಿಯಂದ್ರ. ಅದಕ್ಕೇನು ಬಸುರಿ ಮಗಳು ಅದಾಳೇನ್ರಿ?"