ಸಿಂಗಾಪುರ ಓದಲು ಕಲಿತದ್ದು

ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನನ್ನು ಎಲ್ಲರೂ ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಯಾರಾದರೂ ಒಂದು ಮಾತನ್ನು ಅರ್ಧ ಹೇಳಿ ಅರ್ಧ ನುಂಗಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆ ಉರಿ ಹತ್ತಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕೊಪ್ಪಳದ ಸ್ಟೇಶನ್ ರಸ್ತೆಯಲ್ಲಿ.

ಆಗ ನನಗೆ ಹದಿನಾರು. ಅಪ್ಪ ತೀರಿಕೊಂಡ ಮನೆ. ಅಣ್ಣ ಫೌಜಿಗೆ ಸೇರಿ ಲಾರಿ ನಡೆಸುವ ಕೆಲಸದ ಮೇಲೆ ಸಿಂಗಾಪುರಕ್ಕೆ ಹೋಗಿದ್ದ. ಸಂಕ್ರಾಂತಿಯ ಹೊತ್ತಿಗೆ ಅವನ ಕಾಗದಗಳು ನಿಂತವು. ಅಂದಿನಿಂದ ಅವ್ವ ದಿನಾ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಸ್ಟೇಶನ್ ರಸ್ತೆಗೆ ಹೊರಡತೊಡಗಿದಳು. ಮೊದಲು ಕಟ್ಟಿಗೆಯ ನೆಪ, ಆಮೇಲೆ ಹುಣಸೆ ಚಿಗುರಿನ ನೆಪ. ಕೋಟೆಯ ಬುಡ ದಾಟಿದರೆ ಹೊಲದ ಬದುವಿನಲ್ಲಿ ಮುತ್ತುಗ ಎಲೆಯೆಲ್ಲ ಉದುರಿಸಿ ಕೆಂಪಗೆ ನಿಂತಿರುತ್ತಿತ್ತು. ಮುಂದೆ ಹೊಂಗೆಯ ಹೂವು ದಾರಿಯ ತುಂಬ ಚೆಲ್ಲಿ ಕಾಲಿಗೆ ಮೆತ್ತುತ್ತಿತ್ತು. ಅವ್ವ ಕೈಗೆ ಎಟುಕಿದ ಚಿಗುರನ್ನು ಉಡಿಗೆ ಹಾಕಿಕೊಳ್ಳುತ್ತ, ಕಣ್ಣನ್ನು ಮಾತ್ರ ಸ್ಟೇಶನ್ ಹತ್ತಿರದ ಬೇವಿನ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದಳು.

ಆ ಕಟ್ಟೆಯಲ್ಲಿ ಒಬ್ಬ ಮುದುಕ ಜೋಯಿಸರು ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ಕನ್ನಡ ಪತ್ರಿಕೆಯನ್ನು ಕೂತವರಿಗೆಲ್ಲ ಓದಿ ಹೇಳುತ್ತಿದ್ದರು. ಅಲ್ಲಿ ಕನ್ನಡ ಓದಬಲ್ಲವರು ಅವರೊಬ್ಬರೇ. ಹುಟ್ಟಿದ ಮೇಲೆ ಪಕ್ಕದ ಕುಷ್ಟಗಿ ದಾಟದವರೂ ಅಲ್ಲಿ ಕೂತು ರಷ್ಯದ ಚಳಿಯ ಬಗ್ಗೆ ವಾದ ಹೂಡುತ್ತಿದ್ದರು. ನಮ್ಮದು ನಿಜಾಮರ ಸೀಮೆ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ಉರ್ದು. ಅಣ್ಣನಿಗೆ ಉರ್ದುವಿನಲ್ಲಿ ಪುಟಗಟ್ಟಲೆ ಕಾಗದ ಬರೆಯುತ್ತಿದ್ದ ನಾನು ನನ್ನದೇ ಮಾತಿನ ಪತ್ರಿಕೆಯ ಮುಂದೆ ಹೆಬ್ಬೆಟ್ಟಿನವಳು. ನಾಚಿಕೆಯಾಗುತ್ತಿತ್ತು.

"ಸಿಂಗಾಪುರದ್ದು ಏನರ ಐತೇನ್ರಿ?" ಎಂದು ಅವ್ವ ಕೇಳುವಳು.

"ಏನೂ ಅಂಜಬ್ಯಾಡವ್ವಾ. ನಮ್ಮವ್ರು ಅಲ್ಲಿ ಗಟ್ಟ್ಯಾಗಿ ಅದಾರ," ಎಂದು ಜೋಯಿಸರು ಹೇಳುವರು.

ದಿನಾ ಇದೇ ಮಾತು. ಮೊದಮೊದಲು ನನಗೂ ಹಿತವಾಗಿತ್ತು. ಆದರೆ ಯುದ್ಧವೆಂಬುದು ದಿನಾ ಒಂದೇ ತರಹ ಇರುತ್ತದೆಯೇ?

ಯುಗಾದಿಯ ಸಂಜೆ ಪದ್ಧತಿಯಂತೆ ಅದೇ ಜೋಯಿಸರು ಹೊಸ ಪಂಚಾಂಗ ಓದಿದರು. ಯಾವ ರಾಶಿಗೆ ಮಾನ, ಯಾವ ರಾಶಿಗೆ ಅವಮಾನ, ಯಾರಿಗೆ ಸುಖ, ಯಾರಿಗೆ ಕಂಟಕ. ಕೆಟ್ಟದ್ದು ಬಂದಲ್ಲಿ ಅವರ ಬೆರಳು ಸರ್ರನೆ ಒಂದು ಸಾಲು ಕೆಳಗೆ ಜಾರುತ್ತಿತ್ತು. ಎದುರಿಗೆ ಕೂತವರಿಗೆ ಅಶುಭ ಓದಬಾರದು ಎಂಬುದು ಅವರ ನೇಮ. "ಅವರ ಬಾಯಾಗ ಯಾರಿಗೂ ಸಾಡೇಸಾತಿ ಹತ್ತೂದಿಲ್ಲ," ಎಂದು ಪಕ್ಕದ ಮನೆಯ ಮುದುಕಿ ನಕ್ಕಳು. ನನಗೆ ನಗು ಬರಲಿಲ್ಲ. ಆ ಬೆರಳು ಹಾಗೆ ಜಾರುವುದನ್ನು ಪತ್ರಿಕೆಯ ಮೇಲೂ ನೋಡಿದ್ದೆ. ಪುಣ್ಯಾತ್ಮರು ಪತ್ರಿಕೆಯನ್ನೂ ಪಂಚಾಂಗ ಓದಿದ ಹಾಗೆಯೇ ಓದುತ್ತಿದ್ದರು!

ಮರುದಿನವೇ ಹೋಗಿ, "ನನಗ ಕನ್ನಡ ಅಕ್ಷರ ಕಲಸ್ರಿ," ಎಂದೆ.

"ನಾಳೆ ಗಂಡನ ಮನಿಗೆ ಹೋಗಿ ರೊಟ್ಟಿ ಮ್ಯಾಲೆ ಬರೀತೀಯೇನು?" ಎಂದು ಚಾಷ್ಟಿ ಮಾಡಿದರು.

"ಬರೀತೀನ್ರಿ. ರೊಟ್ಟಿ ಸುಟ್ಟರೂ ಅಕ್ಷರ ಕಾಣೂಹಂಗ ಬರೀತೀನಿ."

ನಕ್ಕು ಒಪ್ಪಿದರು. ಮೊದಲು ಹೆಸರು ಬರೆಯಲು ಕಲಿಸುತ್ತೇನೆ ಎಂದರು. "ಬ್ಯಾಡ್ರಿ, ಸಿಂಗಾಪುರ ಅಂತ ಹ್ಯಾಂಗ ಬರೀತಾರ ತೋರಸ್ರಿ," ಎಂದೆ. ಅವರ ನಗು ನಿಂತಿತು. ಬೇವಿನ ಕಡ್ಡಿಯಿಂದ ಮಣ್ಣಿನಲ್ಲಿ ನಾಲ್ಕು ಅಕ್ಷರ ಬರೆದರು. ನಾನು ನೋಡಿದ ಕೂಡಲೇ ಅಂಗೈಯಿಂದ ಒರೆಸಿಬಿಟ್ಟರು. ಇನ್ನು ಬರಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಯಾರಿಗೂ ಕೆಟ್ಟದ್ದು ಹೇಳದ ಬಾಯಿ ಅದು.

ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಕಣ್ಣು ಮೊಂಡೆತ್ತಿನ ಹಾಗೆ ಹಳೆಯ ದಾರಿಗೇ ತಿರುಗುತ್ತಿತ್ತು, ನಾನು ಎಳೆದು ತರುತ್ತಿದ್ದೆ. ಬೇವಿನ ಹೂ ಉದುರಿ ಹಸಿರು ಕಾಯಿ ಹಿಡಿಯುವ ಹೊತ್ತಿಗೆ ತಡವರಿಸುತ್ತ ಓದುವಷ್ಟಾದೆ. ರೂಢಿಯಾಗಲೆಂದು ಜೋಯಿಸರ ಹೆಂಡತಿಯನ್ನು ಕೇಳಿ ಹಳೆಯ ಪತ್ರಿಕೆಗಳ ಕಟ್ಟು ಮನೆಗೆ ತಂದೆ. ಆ ನಾಲ್ಕು ಅಕ್ಷರ ಹುಡುಕುತ್ತ ಕೂತೆ. ಮೂರನೆಯ ಮಧ್ಯಾಹ್ನ ಸಿಕ್ಕಿತು.

ಸಿಂಗಾಪುರ ಬಿದ್ದಿತ್ತು. ಯುಗಾದಿಗೂ ಮೊದಲೇ, ಮುತ್ತುಗ ಹೂ ಬಿಟ್ಟಿದ್ದಾಗಲೇ ಜಪಾನಿನವರು ಅದನ್ನು ಹಿಡಿದಿದ್ದರು. ನಮ್ಮ ಸಿಪಾಯಿಗಳು ಸಾವಿರಗಟ್ಟಲೆ ಸೆರೆಯಾಗಿದ್ದರು.

ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಅಳು ನಿಂತ ಮೇಲೆ ಅವ್ವನ ಯೋಚನೆ ಬಂತು. ಹೇಳಿದರೆ ಅವಳು ಉಳಿಯುತ್ತಾಳೆಯೇ? ಹೇಳದೆ ಇದ್ದುಬಿಡಲೇ? ಜೋಯಿಸರ ಮೇಲೆ ಹಲ್ಲು ಕಡಿದ ನಾನೇ ಅವರ ಹಾದಿ ಹಿಡಿಯುತ್ತಿದ್ದೆ. ಛೇ, ಆಗದು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಕಟ್ಟೆಯಲ್ಲಿ, ಜೋಯಿಸರು ಬಾಯಿ ತೆರೆಯುವ ಮೊದಲೇ ಆ ಹಳೆಯ ಪತ್ರಿಕೆ ಬಿಚ್ಚಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಕೊನೆಯ ಸಾಲಿನವರೆಗೂ ನಿಲ್ಲಿಸಲಿಲ್ಲ.

"ಸೆರಿ ಆಗ್ಯಾರ ಅಂದ್ರ, ಹಿಡದು ಇಟ್ಟಾರಂತ?" ಅವ್ವ ಕೇಳಿದಳು. "ಕೊಂದಿಲ್ಲಂತ?"

"ಭಾಳ ಮಂದಿನ್ನ ಹಿಡದಾರಂತ ಐತಿ. ಅಣ್ಣನ ಹೆಸರು ಇಲ್ಲವ್ವಾ."

"ಹಿಡದವ್ರಿಗೆ ಹೊಟ್ಟಿಗೆ ಹಾಕ್ತಾರಿಲ್ಲೋ?"

ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದೆ. ಅವ್ವ ಕುಸಿಯುತ್ತಾಳೆಂದು ತೋಳು ಹಿಡಿಯಲು ಹೋದರೆ, ಅವಳು ಕೈ ಕೊಡವಿಕೊಂಡು ಜೋಯಿಸರತ್ತ ತಿರುಗಿದಳು.

"ನೀವು ಛಲೋದಷ್ಟ ಓದತೀರಿ ಅಂತ ನನಗ ಗೊತ್ತಿಲ್ಲೇನ್ರಿ? ಇವರಪ್ಪ ಸತ್ತ ವರ್ಷನೂ ಅವರ ರಾಶಿಗೆ ಛಲೋದ ಓದಿದ್ರಿ. ದಿನಾ ನೀವು ಗಟ್ಟ್ಯಾಗಿ ಅದಾರ ಅಂದಾಗೆಲ್ಲ ನನ್ನ ಮಗ ಸತ್ತಾನ ಅಂತ ತಿಳಕೊಂಡೆ. ಈಕಿ ಮುಂದ ಅಳಲಾರದ ಹೊಲದಾಗ ಒಬ್ಬಾಕಿನ ಕುಂತು ಅತ್ತೇನಿ. ಬದುಕಿರಬೌದು ಅನ್ನೂ ಮಾತು ನಿಮ್ಮ ಕೈಯಾಗ ಇತ್ತಲ್ರಿ!"

ಜೋಯಿಸರು ಆ ದಿನದ ಪತ್ರಿಕೆಯನ್ನು ತಮ್ಮ ತೊಡೆಯ ಮೇಲಿನಿಂದ ಎತ್ತಿ ನನ್ನ ಮುಂದೆ ಇಟ್ಟರು. ಅವ್ವ ಮುಖ ಒರೆಸಿಕೊಂಡು ಕಟ್ಟೆಯ ಮೇಲೆ ಕಾಲು ಮಡಚಿ ಕೂತಳು.

"ಓದು," ಎಂದಳು. "ಕೆಟ್ಟದ್ದಿದ್ರ ಅದನ್ನ ಮೊದಲ ಓದು."