ಢಾಕಾಕ್ಕೆ ಒಯ್ದ ಮೊಟ್ಟೆಗಳು

೨೦೦೪ರಲ್ಲಿ ನಾನು ಶಿಡ್ಲಘಟ್ಟದ ಬಳಿ ಒಂದು ಖಾಸಗಿ ಬಿತ್ತನೆ ಕೋಠಿಯಲ್ಲಿ ತಂತ್ರಜ್ಞನಾಗಿದ್ದೆ. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಜಾಗವದು. ನಡೆಸುತ್ತಿದ್ದವರು ಕೆಂಚಾರ್ಲಹಳ್ಳಿಯ ನಾರಾಯಣಮ್ಮ. ಹೆಂಗಸಿನ ಕೋಠಿ ಎಂದು ಸುತ್ತಲಿನ ರೈತರು ಮೂಗು ಮುರಿಯುತ್ತಿದ್ದರು. ಢಾಕಾದ ಒಂದು ತರಬೇತಿ ಕೇಂದ್ರ ಪರೀಕ್ಷೆಗೆಂದು ಮೊಟ್ಟೆ ಕೇಳಿದಾಗ ಆಕೆ, "ಇದೊಂದು ಗೆದ್ರೆ ಇವ್ರೆಲ್ಲ ನಮ್ ಬಾಗ್ಲಿಗೇ ಬರ್ತಾರೆ ಸಾರ್. ಇಲ್ದಿದ್ರೆ ಬೀಗ ಹಾಕ್ಬೇಕಷ್ಟೆ," ಎಂದರು.

ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಬೆಂಗಳೂರಿನಿಂದ ಢಾಕಾ ನೇರ ಗೆರೆಯಲ್ಲಿ ಸುಮಾರು ೧,೮೦೦ ಕಿಲೋಮೀಟರ್. ಕೋಲ್ಕತ್ತದವರೆಗೆ ಎರಡೂವರೆ ಗಂಟೆ, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಮುಕ್ಕಾಲು ಗಂಟೆ. ಮೂರೂಕಾಲು ಗಂಟೆ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಒಡೆಯುವ ಹಂತಕ್ಕೆ ಬಂದ ಮೊಟ್ಟೆಗಳು ಅಂಟಿರುವ ಹಾಳೆಗಳನ್ನು ನಾವು ಕಪ್ಪು ಕಾಗದದಲ್ಲಿ ಸುತ್ತಿಡುತ್ತೇವೆ. ಕತ್ತಲಲ್ಲಿ ಹುಳುಗಳು ತಡೆದಿರುತ್ತವೆ. ಬೆಳಗ್ಗೆ ಬೆಳಕಿಗೆ ಬಿಚ್ಚಿದರೆ ಒಟ್ಟಿಗೆ ಹೊರಬರುತ್ತವೆ. ಅಂಥವನ್ನೇ ಒಯ್ದು ಢಾಕಾದವರ ಕಣ್ಣೆದುರೇ ಬಿಚ್ಚಿ ತೋರಿಸಬೇಕೆಂಬ ಜಂಬ ನನಗೆ.

"ಇನ್ನೂ ಎಳೇ ಮೊಟ್ಟೆ ತಗೊಂಡೋಗಿ ಸಾರ್. ದಾರೀಲಿ ಏನಾದ್ರೂ ಆದ್ರೆ?" ಎಂದರು ನಾರಾಯಣಮ್ಮ.

"ನೀವು ಚಿಂತಾಮಣಿಯಿಂದ ಗೌರಿಬಿದನೂರಿಗೆ ಬಸ್ಸಲ್ಲಿ ಹೋಗೋಷ್ಟರಲ್ಲಿ ನಾನು ಢಾಕಾದಲ್ಲಿರ್ತೀನಮ್ಮ," ಎಂದು ನಕ್ಕುಬಿಟ್ಟೆ.

ಬೆಂಗಳೂರಿನ ವಿಮಾನವೇ ತಡವಾಯಿತು. ಕೋಲ್ಕತ್ತದಲ್ಲಿ ಇಳಿಯುವಷ್ಟರಲ್ಲಿ ಢಾಕಾದ ವಿಮಾನ ಹೋಗಿತ್ತು. ಮುಂದಿನ ಸೀಟು ಸಿಕ್ಕಿದ್ದು ಮರುದಿನ ಮಧ್ಯಾಹ್ನಕ್ಕೆ. ಬೆಳಗ್ಗೆ ವಿಮಾನ ನಿಲ್ದಾಣದ ತಪಾಸಣೆಯವರು ಪೊಟ್ಟಣ ಬಿಚ್ಚಲು ಹೇಳಿದರು. ನನ್ನ ಹರಕು ಹಿಂದಿಯಲ್ಲಿ ಕೈ ಮುಗಿದು ಬೇಡಿದೆ. ಅವರ ಕೆಲಸ ಅವರು ಮಾಡಲೇಬೇಕಲ್ಲ, ಬಿಚ್ಚಿದೆ.

ಒಂದೆರಡು ಗಂಟೆಯೊಳಗೆ ಹಾಳೆಗಳ ತುಂಬ ಕಪ್ಪು ಹುಳುಗಳು ಹರಿದಾಡತೊಡಗಿದವು, ಇರುವೆಗಿಂತ ಸಣ್ಣವು. ತಲೆ ಎತ್ತಿ ಎತ್ತಿ ಸೊಪ್ಪು ಹುಡುಕುತ್ತಿದ್ದವು. ನಮ್ಮೂರಲ್ಲಾದರೆ ಹತ್ತು ಹೆಜ್ಜೆಗೊಂದು ಹಿಪ್ಪುನೇರಳೆ ತೋಟ. ಇಲ್ಲಿ ತಪಾಸಣೆ ದಾಟಿದ ಮೇಲೆ ಹೊರಗೆ ಹೋಗುವಂತೆಯೂ ಇಲ್ಲ. ಹಿಪ್ಪುನೇರಳೆಗೆ ಹಿಂದಿಯಲ್ಲಿ ಏನೆನ್ನುತ್ತಾರೋ ಅದೂ ಗೊತ್ತಿಲ್ಲ. ಸುತ್ತ ನೂರಾರು ಜನ. ನನ್ನ ಮಡಿಲಲ್ಲಿ ಏನಾಗುತ್ತಿದೆ ಎಂದು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಒಂಟಿ ನಾನು ಮತ್ತೆಂದೂ ಆಗಿಲ್ಲ.

ಸಂಜೆ ಢಾಕಾದ ತರಬೇತಿ ಕೇಂದ್ರದ ಅಧಿಕಾರಿ ಹಾಳೆ ನೋಡಿ ತಲೆ ಅಲ್ಲಾಡಿಸಿದರು. ಅರ್ಧಕ್ಕರ್ಧ ಸತ್ತಿದ್ದವು, ಉಳಿದವು ಸೊರಗಿದ್ದವು. ರೋಗ ಹರಡಬಾರದೆಂಬ ನಿಯಮದಂತೆ ಎಲ್ಲವನ್ನೂ ಸುಟ್ಟರು. ನಾನು ನಿಂತು ನೋಡಿದೆ.

ನಾರಾಯಣಮ್ಮನವರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಆಕೆ ಕೇಳಿದ್ದು ಇಷ್ಟೇ: "ಹುಳ ಆಚೆ ಬಂದಾಗ ನೀವೊಬ್ರೇ ಇದ್ರಾ ಸಾರ್?"

"ಹೂಂ ಅಮ್ಮ."

"ಅಯ್ಯೋ, ನಾನೂ ಜೊತೇಲಿ ಬರ್ಬೇಕಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಫೋನ್ ಹಿಡಿದೇ ಅತ್ತೆ.

ಢಾಕಾದವರು ಮತ್ತೆ ಕೇಳಲಿಲ್ಲ. ವಿಮಾನದ ಗಂಟೆಯನ್ನೇ ಪ್ರಯಾಣದ ಗಂಟೆ ಎಂದುಕೊಳ್ಳಬಾರದು, ಜೀವ ಒಯ್ಯುವಾಗ ಆ ಜೀವದ ಗಂಟೆಯನ್ನು ಮೊದಲು ಎಣಿಸಬೇಕು. ಇಷ್ಟು ಸಣ್ಣ ಪಾಠ ನಾನು ಕಲಿಯಲು ನಾರಾಯಣಮ್ಮ ತಮ್ಮ ಕೋಠಿಗೆ ಬೀಗ ಹಾಕಬೇಕಾಯಿತು.