ಕೊಸರು ಕೇಳಿದ ಕರುಣಾ ಆಂಟಿ

ತೂಕ ಮುಗಿದು ದುಡ್ಡು ಕೊಟ್ಟ ಮೇಲೂ ಕರುಣಾ ಆಂಟಿ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಮಾರುವವರ ಮುಖವನ್ನೇ ನೋಡುತ್ತ ನಿಲ್ಲುವರು. ಹಿಂದೆ ಸಾಲು ಬೆಳೆದರೂ ಲಕ್ಷ್ಯವಿಲ್ಲ. ಒಂದು ಹಿಡಿ ಹುರುಳಿಕಾಯಿಯೋ ಒಂದಿಷ್ಟು ಕೊತ್ತಂಬರಿಯೋ ಮೇಲಿಂದ ಬಿದ್ದ ಮೇಲೆ "ಹಾಂ, ಈಗ ಆತು" ಅಂದು ಚೀಲವನ್ನು ಹೆಗಲಿಗೇರಿಸುವರು. ಆಕ್ಲೆಂಡಿನ ಏವನ್‌ಡೇಲಿನ ಭಾನುವಾರದ ಮಾರ್ಕೆಟ್ಟಿನಲ್ಲಿ ನಾನು ಅವರನ್ನು ಮೊದಲು ಕಂಡದ್ದು ಹಾಗೆ. ಅವರ ಹಿಂದೆ ಚಳಿಗೆ ನಡುಗುತ್ತ ನಿಂತು, ಈ ಹೆಂಗಸಿಗೆ ಇನ್ನೂ ಏನು ಬೇಕಂತೆ ಎಂದು ಗೊಣಗಿದ್ದೆ.

ಗೊಣಗಿದ್ದು ಕನ್ನಡದಲ್ಲಿ. ಅವರು ಥಟ್ಟನೆ ತಿರುಗಿದರು.

"ಕೊಸರು ಬೇಕವಾ. ನಿನಗ ಬ್ಯಾಡೇನು?"

ನಾನು ಮೈಸೂರಿನಿಂದ ಓದಲು ಬಂದ ವರ್ಷ ಅದು. ಕೊಸರು ಮೈಸೂರಿನಲ್ಲೂ ಇದೆ. ಆದರೆ ನಮ್ಮ ಮನೆಯಲ್ಲಿ ಅದನ್ನು ಕೇಳುವುದು ಅಮ್ಮನ ಕೆಲಸ, ಪಕ್ಕದಲ್ಲಿ ನಿಂತು ನಾಚಿಕೆಪಡುವುದು ನನ್ನ ಕೆಲಸವಾಗಿತ್ತು. ಆಕ್ಲೆಂಡಿನಲ್ಲಿ, ಅದೂ ಹತ್ತಿರದ ಪುಕೆಕೊಹೆಯಿಂದ ತರಕಾರಿ ತಂದು ಮಾರುವ ಚೀನೀ ಅಜ್ಜಿಯ ಹತ್ತಿರ, ಒಬ್ಬರು ಕೊಸರಿಗೆ ಕಾಯುತ್ತಾರೆ, ಆ ಅಜ್ಜಿಯೂ ನಗುತ್ತ ಹಾಕುತ್ತಾಳೆ ಅಂದರೆ ನನಗೆ ನಂಬಲಾಗಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. "ಅಕಿಗೆ ಏನು ಹೇಳಿಕೊಟ್ರಿ ಆಂಟಿ?" ಎಂದು ಅವರದೇ ಧಾಟಿಯಲ್ಲಿ ಅಣಕಿಸಿ ಕೇಳಿದ್ದಕ್ಕೆ, "ಹೇಳೂದೇನೈತಿ ಮೈಸೂರಾಕಿ? ತೂಕ ಕೊಡೂದು ರೊಕ್ಕಕ್ಕ. ಕೊಸರು ಕೊಡೂದು ಮಾರಿ ನೋಡಿ. ಮುಂದಿನ ವಾರಾನೂ ಬಾ ಅಂತ ಅದರ ಅರ್ಥ" ಅಂದರು. ಅಂದಿನಿಂದ ನಾನು ಅವರಿಗೆ ಮೈಸೂರಾಕಿಯೇ. ನನ್ನ ಹೆಸರು ಹಿಡಿದು ಅವರು ಕರೆದದ್ದು ನೆನಪಿಲ್ಲ.

ಗದಗಿನ ಹತ್ತಿರದ ಮುಳಗುಂದದ ಕ್ರಿಶ್ಚಿಯನ್ ಮನೆತನದವರು. ಅವರ ತಾಯಿ ವಾರದ ಸಂತೆಗಳಲ್ಲಿ ಬದನೆಕಾಯಿ, ಸೊಪ್ಪು ಮಾರಿ ಮಗಳನ್ನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿಸಿದ್ದರು. ಆಕ್ಲೆಂಡಿಗೆ ಬಂದ ಮೇಲೆ ನಿವೃತ್ತಿಯಾಗುವವರೆಗೂ ಮರೆವಿನ ಕಾಯಿಲೆಯ ವೃದ್ಧರ ಆರೈಕೆ ಮಾಡಿದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಹಿಲ್ಸ್‌ಬರೋದ ಮನೆಗೆ ಭಾನುವಾರ ಮಧ್ಯಾಹ್ನ ನಮ್ಮಂಥ ನಾಲ್ಕಾರು ಜನ ಊಟಕ್ಕೆ ಬಂದು ಬೀಳುತ್ತಿದ್ದೆವು. ರೊಟ್ಟಿಯ ಜೊತೆ ಬೈಗುಳವನ್ನೂ ಬಡಿಸುತ್ತಿದ್ದರು. ಸೂಪರ್ ಮಾರ್ಕೆಟ್ಟಿನ ಸೌತೆಕಾಯಿಗೆ ಪ್ಲಾಸ್ಟಿಕ್ ಅಂಗಿ ತೊಡಿಸುವವರನ್ನು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳನ್ನು, ಜೋಳದ ಹಿಟ್ಟನ್ನು ಔಷಧಿಯಂತೆ ಪುಟ್ಟ ಪೊಟ್ಟಣದಲ್ಲಿ ಮಾರುವ ಅಂಗಡಿಯವರನ್ನು ಬೈಯುತ್ತಿದ್ದರು. ಕರುಣಾ ಎಂದು ಹೆಸರಿಟ್ಟವರು ಅವರಿಗೆ ಮಾತು ಬರುವ ಮುಂಚೆಯೇ ಇಟ್ಟಿರಬೇಕು.

ಕೆಲಸದ ವಿಷಯದಲ್ಲಿ ಮಾತ್ರ ಅವರದು ಒಂದೇ ಹಟ. ಕಾಯಿಲೆಯವರ ಎದುರಿಗೆ ಅವರ ಬಗ್ಗೆ ಬೇರೆಯವರ ಜೊತೆ ಮಾತಾಡಬಾರದು. ಮಗನೋ ಮಗಳೋ ಬಂದು "ಅಮ್ಮ ಇವತ್ತು ಹೇಗಿದ್ದಾರೆ?" ಎಂದು ಇವರನ್ನು ಕೇಳಿದರೆ, "ಅವರನ್ನೇ ಕೇಳಿ" ಎಂದು ಕುರ್ಚಿ ಎಳೆದು ಕೂರಿಸುತ್ತಿದ್ದರಂತೆ. "ನೆನಪು ಹೋಗಿರ್ತೈತಿ ಖರೆ. ಮರ್ಯಾದಿ ಎಲ್ಲಿ ಹೋಗಿರ್ತೈತಿ? ಕಿವಿ ಕೇಳಸ್ತಿರ್ತೈತಿ" ಎನ್ನುತ್ತಿದ್ದರು. ಮುಂದೆ ನಡೆದದ್ದು ನನ್ನನ್ನು ಇವತ್ತಿಗೂ ಕುದಿಸುವುದು ಈ ಮಾತಿನಿಂದಾಗಿ.

ನಮ್ಮ ಕನ್ನಡದವರಲ್ಲಿ ಡಾಕ್ಟರ್ ಪ್ರಭಾಕರ್ ಅಂಕಲ್ ಮಾತಿಗೆ ಎದುರಿಲ್ಲ. ಬೆಂಗಳೂರಿನವರು, ಇಲ್ಲಿಗೆ ಬರುವ ಮುಂಚೆ ಇಂಗ್ಲೆಂಡಿನಲ್ಲಿದ್ದವರು. ಯಾರ ಮನೆಯಲ್ಲಿ ಜ್ವರ ಬಂದರೂ ಮೊದಲ ಫೋನು ಅವರಿಗೇ. ಎರಡು ಸಾವಿರದ ಹದಿನೈದರ ಸುಮಾರಿಗೆ ಅವರು ಒಂದು ಪ್ರವಾಸ ಹೂಡಿದರು. ನಮ್ಮ ಚಳಿಗಾಲದಲ್ಲಿ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಮಾರ್ಕೆಟ್ ಟೌನುಗಳನ್ನು ನೋಡಿ ಬರುವುದು. ಕೋಟೆ, ಅರಮನೆ ಅಂದಿದ್ದರೆ ಆಂಟಿ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. "ಸಂತಿ ಊರು ಅಂದ್ರೇನು? ಹಂಗಾದ್ರ ನಾ ಬರ್ತೀನಿ" ಅಂದು ನನ್ನನ್ನೂ ಜೊತೆಗೆ ಹೊರಡಿಸಿದರು. ನಾನಾಗ ಪುಕೆಕೊಹೆಯಲ್ಲಿ ಈರುಳ್ಳಿ ಪ್ಯಾಕ್ ಮಾಡುವ ಕಂಪನಿಯೊಂದರ ಆಫೀಸಿನಲ್ಲಿದ್ದೆ, ರಜೆ ಹಾಕಿದೆ.

ಮೊದಲನೇ ಊರಿನಲ್ಲಿ ಸಂತೆ ಇರಲಿಲ್ಲ. ಎರಡನೇ ಊರಿನಲ್ಲೂ ಇರಲಿಲ್ಲ. ಜೇನಿನ ಬಣ್ಣದ ಕಲ್ಲಿನ ಮನೆಗಳು, ಕಿಟಕಿಯ ಕೆಳಗೆ ಹೂವಿನ ಬುಟ್ಟಿ, ನಡುವೆ ಸಂತೆ ಚೌಕ, ಚೌಕದ ತುಂಬ ಕಾರು. ಕಮಾನಿನ ಸಂತೆಕಟ್ಟೆಗೆ ಹಗ್ಗ ಕಟ್ಟಿ ಬೋರ್ಡು ಹಾಕಿದ್ದರು. ಯಾವ ರಾಜ ಈ ಊರಿಗೆ ಸಂತೆಯ ಅಪ್ಪಣೆ ಕೊಟ್ಟ, ಯಾವ ಸಾಹುಕಾರ ಛಾವಣಿ ಹಾಕಿಸಿದ, ಎಲ್ಲ ಬರೆದಿತ್ತು. ಡಾಕ್ಟರು ಗಟ್ಟಿಯಾಗಿ ಓದಿದರು, ಉಳಿದವರು ಫೋಟೊ ತೆಗೆಸಿಕೊಂಡರು. ಆಂಟಿ ಹಗ್ಗ ದಾಟಿ ಒಳಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೆಟ್ಟಿಲು ನಡುವೆ ಸವೆದು ತಗ್ಗಾಗಿತ್ತು.

"ನೋಡಿಲ್ಲೆ. ಹೆಣ್ಮಕ್ಳು ಕುಂತು ಕುಂತು ಕಲ್ಲು ಸವದೈತಿ. ಕುಂತಾಕಿ ಹೆಸರು ಬೋರ್ಡಿನ್ಯಾಗ ಎಲ್ಲೈತಿ? ರಾಜಾ ಬಂದು ಸೊಪ್ಪು ಮಾರಿದ್ನೇನು?"

"ಸಿಸ್ಟರ್, ಹೊರಗೆ ಬನ್ನಿ ಪ್ಲೀಸ್, ಅದು ಹೆರಿಟೇಜ್" ಅಂದರು ಡಾಕ್ಟರು. ನಮಗೆಲ್ಲ ಆಂಟಿಯಾದವರು ಅವರ ಬಾಯಲ್ಲಿ ಕೊನೆಯವರೆಗೂ ಸಿಸ್ಟರ್ ಆಗಿಯೇ ಉಳಿದರು.

ಮುಂದಿನ ಊರಿನಲ್ಲಿ ಸಂತೆ ಸಿಕ್ಕಿತು. ಊರಿನ ಹೆಸರು ಹೇಳುವುದಿಲ್ಲ, ತಪ್ಪು ಊರಿನದಲ್ಲ. ಚೌಕದಲ್ಲಿ ಪಟ್ಟೆ ಪಟ್ಟೆಯ ಚಪ್ಪರಗಳು, ಚೀಸು, ಹೂವಿನ ಸಸಿ, ಬ್ರೆಡ್ಡು, ತರಕಾರಿ. ಬಸ್ಸಿಳಿದ ಆಂಟಿಯ ನಡಿಗೆಯೇ ಬದಲಾಯಿತು. ಒಂದೊಂದು ಚಪ್ಪರದ ಮುಂದೂ ನಿಂತು, ಮುಟ್ಟಿ, ಮೂಸಿ, ಮುಖ ಸಿಂಡರಿಸಿ ಮುಂದೆ ಹೋದರು. ಕೊನೆಗೆ ಹಸಿ ಬಟಾಣಿಕಾಯಿಯ ರಾಶಿ ಒಪ್ಪಿಗೆಯಾಯಿತು. ಮಾರುವವನು ಕೆಂಪು ಕೆನ್ನೆಯ ಅಜ್ಜ. ತೂಗಿದ, ಚೀಲಕ್ಕೆ ಸುರಿದ, ದುಡ್ಡು ತೆಗೆದುಕೊಂಡ. ಆಂಟಿ ಚೀಲದ ಬಾಯಿ ಅಗಲಿಸಿಕೊಂಡು ನಿಂತರು. "ಅಷ್ಟೇ ಅಮ್ಮ, ಆಯಿತು" ಅಂದ. ಆಂಟಿ ನಿಂತೇ ಇದ್ದರು. ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ. ಆಗ ಆಂಟಿ, ನಮ್ಮ ಕಡೆ ಯಾರಾದರೂ ಮಾಡುವಂತೆ, ನಗುತ್ತ ರಾಶಿಗೆ ಕೈ ಹಾಕಿ ಒಂದು ಹಿಡಿ ತಾವೇ ಎತ್ತಿ ಹಾಕಿಕೊಂಡರು.

ಅಜ್ಜ ಕೂಗಿಕೊಂಡ. "ತೆಗೆದಿಡಿ ಅದನ್ನ. ಕದಿಯೋದಕ್ಕೆ ಇಟ್ಟಿಲ್ಲ ಇಲ್ಲಿ." ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಗೊತ್ತಿದ್ದವರು ಡಾಕ್ಟರು. ಬೆಂಗಳೂರಿನಲ್ಲಿ ಅವರ ಅಮ್ಮನೂ ಸೊಪ್ಪಿನವಳ ಬುಟ್ಟಿಯಿಂದ ಕರಿಬೇವು ಕಿತ್ತುಕೊಂಡೇ ಇವರಿಗೆ ಒಗ್ಗರಣೆ ಹಾಕಿರುತ್ತಾರೆ. ನಮ್ಮೂರಲ್ಲಿ ಹೀಗೊಂದು ರೂಢಿಯಿದೆ ಎಂದು ಹೇಳುವುದಕ್ಕೆ ಅವರ ಚಂದದ ಇಂಗ್ಲಿಷಿಗೆ ಎಷ್ಟು ಹೊತ್ತು ಬೇಕಿತ್ತು? ಅವರು ಓಡಿ ಬಂದರು, ಅಜ್ಜನಿಗೆ ಒಂದು ನೋಟು ಚಾಚಿದರು, ಹಣೆಯ ಪಕ್ಕ ಬೆರಳು ಆಡಿಸಿ ಇಂಗ್ಲಿಷಿನಲ್ಲಿ ಹೇಳಿದರು. "ಕ್ಷಮಿಸಿ. ಇವರಿಗೆ ವಯಸ್ಸಾಗಿದೆ, ತಲೆ ಅಷ್ಟು ಸರಿಯಿಲ್ಲ. ನಾನು ಇವರ ಡಾಕ್ಟರ್." ಅಜ್ಜನ ಮುಖ ಕೂಡಲೇ ಮೆತ್ತಗಾಯಿತು. "ಅಯ್ಯೋ ಪಾಪ" ಎನ್ನುವಂತೆ ನೋಡಿದ.

ಆಯುಷ್ಯವೆಲ್ಲ ಮರೆವಿನ ಕಾಯಿಲೆಯವರ ಮರ್ಯಾದೆ ಕಾದವರ ಎದುರಿಗೇ, ಅವರಿಲ್ಲವೇನೋ ಎಂಬಂತೆ ಆಡಿದ ಮಾತು. ಅದೂ ಹಸೀ ಸುಳ್ಳು.

ಆಂಟಿ ಚೀಲವನ್ನು ರಾಶಿಯ ಮೇಲೆ ಬೋರಲು ಹಾಕಿದರು. ದುಡ್ಡು ಕೊಟ್ಟು ಕೊಂಡದ್ದೂ ಹೋಯಿತು. ಖಾಲಿ ಚೀಲ ಮಡಚಿಕೊಂಡು ಬಸ್ಸು ಹತ್ತಿದರು. ಎಲ್ಲರೂ ಬಂದು ಕೂತ ಮೇಲೆ ಎದ್ದು ನಿಂತರು.

"ನನ್ನ ಕಳ್ಳಿ ಅಂದಾಂವ ಪರದೇಶದಾಂವ. ಹುಚ್ಚಿ ಅಂದಾಂವ ನಮ್ಮಾಂವ. ಡಾಕ್ಟರ್, ಆ ಮಾತು ಹಿಂದಕ್ಕ ತಗೋರಿ. ಇಲ್ಲೇ, ಎಲ್ಲಾರ ಮುಂದ."

"ಸಿಸ್ಟರ್, ನಾನು ನಿಮ್ಮನ್ನ ಸೇವ್ ಮಾಡಿದ್ದು. ಅವನು ಪೊಲೀಸ್ ಕರೆದಿದ್ರೆ? ದೊಡ್ಡದು ಮಾಡ್ಬೇಡಿ ಪ್ಲೀಸ್."

"ಸೇವ್ ಮಾಡಿದ್ದು ಅವರನ್ನಲ್ಲ, ನಿಮ್ಮ ಮರ್ಯಾದೆನ" ಅಂದೆ ನಾನು. "ಕೊಸರು ಅಂತ ಒಂದಿದೆ ಅಂತ ಹೇಳಕ್ಕೆ ನಿಮಗೇನು ಕಷ್ಟ ಅಂಕಲ್?"

"ಅದನ್ನೆಲ್ಲ ಇಲ್ಲಿ ಹೇಳಿದ್ರೆ ನಗ್ತಾರೆ ಕಣಮ್ಮ" ಅಂದರು. ಬಸ್ಸಿನಲ್ಲಿದ್ದ ಉಳಿದವರೆಲ್ಲ ಕಿಟಕಿಯ ಕಡೆ ತಿರುಗಿಕೊಂಡರು.

ಮರುದಿನ ಇನ್ನೊಂದು ಊರು, ಇನ್ನೊಂದು ಹಳೆಯ ಸಂತೆಮನೆ, ಇನ್ನೊಂದು ಬೋರ್ಡು. ಹಿಂದಿನ ಕಾಲದಲ್ಲಿ ಡಜನ್ ಬ್ರೆಡ್ಡು ಕೇಳಿದರೆ ಬೇಕರಿಯವರು ಹದಿಮೂರು ಕೊಡುತ್ತಿದ್ದರು, ತೂಕ ಕಡಿಮೆಯಾಯಿತೆಂಬ ಮಾತು ಬರಬಾರದೆಂದು ಮೇಲೆ ಒಂದು ಹಾಕುತ್ತಿದ್ದರು ಎಂದು ಬರೆದಿತ್ತು. ಡಾಕ್ಟರು ಅದನ್ನೂ ಗಟ್ಟಿಯಾಗಿ ಓದಿ, "ಎಂಥ ಬ್ಯೂಟಿಫುಲ್ ಟ್ರೆಡಿಷನ್ ನೋಡಿ" ಅಂದರು. ಎಲ್ಲರೂ ತಲೆದೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆಂಟಿ ಮಾತ್ರ ಆ ಪ್ರವಾಸದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದರು, ನನಗೊಬ್ಬಳಿಗೇ ಕೇಳುವಂತೆ.

"ಇವರ ಅಜ್ಜ ಕೊಟ್ರ ಇತಿಹಾಸ. ನಮ್ಮವ್ವ ಕೊಟ್ರ ಹುಚ್ಚು."

ಆಕ್ಲೆಂಡಿಗೆ ನಾವು ಬರುವ ಮುಂಚೆಯೇ ಸುದ್ದಿ ಬಂದಿತ್ತು. ಕೊಸರಿನ ಕತೆ ದಾರಿಯಲ್ಲೇ ಬಿದ್ದುಹೋಗಿ, ಆಂಟಿಗೆ ಮರೆವು ಶುರುವಾಗಿದೆಯಂತೆ, ಪಾಪ, ಅಂಗಡಿಯಲ್ಲಿ ಏನೋ ಎತ್ತಿಕೊಂಡರಂತೆ ಎಂಬಷ್ಟು ಉಳಿದಿತ್ತು. ಡಾಕ್ಟರೇ ಹೇಳಿದ ಮೇಲೆ ಅಲ್ಲವೆನ್ನುವವರು ಯಾರು? ರಾಜ್ಯೋತ್ಸವದ ಅಡುಗೆಯಲ್ಲಿ ಎಣ್ಣೆಗಾಯಿ ಯಾವಾಗಲೂ ಆಂಟಿಯದು. ಆ ವರ್ಷ ವಾಟ್ಸಾಪಿನಲ್ಲಿ ಮೆಸೇಜು ಬಂತು, ಕರುಣಾ ಆಂಟಿಗೆ ಈ ಸಲ ರೆಸ್ಟ್ ಕೊಡೋಣ ಎಂದು. ಆದರೂ ಅವರು ಸೀರೆಯುಟ್ಟು ಬಂದರು. ಅವರ ಕೈಯಲ್ಲೇ ಬಾಣಂತನ ಮಾಡಿಸಿಕೊಂಡ ಹುಡುಗಿಯೊಬ್ಬಳು ಮುಖದ ಹತ್ತಿರ ಬಗ್ಗಿ, ಕಿವುಡರಿಗೆ ಹೇಳುವಂತೆ, "ಆಂಟೀ, ನಾನು ಯಾರು ಗೊತ್ತಾಯ್ತಾ?" ಅಂದಳು.

"ನೀ ಯಾರಂತ ನನಗ ಗೊತ್ತೈತಿ. ನಾ ಯಾರಂತ ನೀ ಮರತೀದಿ" ಅಂದು ಆಂಟಿ ತಟ್ಟೆ ಇಟ್ಟು ಹೊರಗೆ ನಡೆದರು. ಮತ್ತೆ ನಮ್ಮ ಯಾವ ಸಮಾರಂಭಕ್ಕೂ ಬರಲಿಲ್ಲ. ಬರುವುದಕ್ಕೆ ಅವರದು ಒಂದೇ ಷರತ್ತು. ಅಂದ ಮಾತನ್ನು ಮಂದಿಯ ಮುಂದೆ ವಾಪಸ್ಸು ಪಡೆಯಬೇಕು. ನಾನು ಎರಡು ಮೂರು ಸಲ ಡಾಕ್ಟರ ಮನೆಗೆ ಹೋಗಿ ಜಗಳವಾಡಿದೆ. "ಅವರಿನ್ನೂ ಅದನ್ನೇ ಹಿಡ್ಕೊಂಡಿದ್ದಾರಾ?" ಎಂದು ಆಶ್ಚರ್ಯಪಟ್ಟರೇ ಹೊರತು ಬಗ್ಗಲಿಲ್ಲ.

ಏವನ್‌ಡೇಲನ್ನು ಮಾತ್ರ ಆಂಟಿ ಬಿಡಲಿಲ್ಲ. ಹೊಟ್ಟೆಯ ಕ್ಯಾನ್ಸರ್ ನಡೆಯುವ ಶಕ್ತಿಯನ್ನು ಕಸಿಯುವವರೆಗೂ ಭಾನುವಾರ ತಪ್ಪಿಸಲಿಲ್ಲ. ಕೊನೆಯ ಸಲ ನಾನು ಹಿಲ್ಸ್‌ಬರೋಗೆ ಹೋದಾಗ ದಿಂಬಿಗೊರಗಿ ಕೂತು ಬಟಾಣಿ ಸುಲಿಯುತ್ತಿದ್ದರು. ತಿನ್ನುವ ಹಾಗಿರಲಿಲ್ಲ, ಸುಲಿಯಲು ಅಡ್ಡಿಯಿರಲಿಲ್ಲ.

"ಆ ಡಾಕ್ಟರ್ ಏನರ ಅಂದನೇನು?"

"ಇಲ್ಲ ಆಂಟಿ."

"ಹೋಗ್ಲಿ ಬಿಡ್ರಿ ಅಂತ ಪಾದ್ರಿ ಹೇಳಿ ಹೋದ್ರು. ನಾ ಬಿಡಾಂಗಿಲ್ಲ. ನೀನೂ ಬಿಡಬ್ಯಾಡ."

ಚರ್ಚಿನಲ್ಲಿ ಅಂತಿಮ ಪ್ರಾರ್ಥನೆಯ ದಿನ ಜನ ತುಂಬಿದ್ದರು. ಡಾಕ್ಟರು ಮೊದಲೇ ಸಿದ್ಧಮಾಡಿಕೊಂಡು ಬಂದು ಮಾತಾಡಿದರು. "ನಮ್ಮ ಕರುಣಾ ಸಿಸ್ಟರ್ ಕೊನೇ ಉಸಿರಿನವರೆಗೂ ಎಷ್ಟು ಶಾರ್ಪ್ ಆಗಿದ್ರು ಅಂದ್ರೆ, ಅವರಂಥ ಮೆಮೊರಿ ನಮ್ಮಲ್ಲಿ ಯಾರಿಗೂ ಇಲ್ಲ." ಆಂಟಿ ಕೇಳಿದ್ದ ಮಾತೇ ಅದು. ಎಲ್ಲರ ಮುಂದೆಯೇ ಬಂತು, ಅವರು ಪೆಟ್ಟಿಗೆಯಲ್ಲಿ ಮಲಗಿದ ಮೇಲೆ. ಕೂತಲ್ಲಿಂದ ಎದ್ದು ನಿಂತೆ.

"ಅಂಕಲ್, ಈ ಮಾತು ಬಟಾಣಿ ರಾಶಿ ಮುಂದೆ ಹೇಳಬೇಕಿತ್ತು. ಆಗ ಅವರಿಗೆ ಕಿವಿ ಕೇಳಿಸ್ತಿತ್ತು."

ಯಾರೋ ನನ್ನ ತೋಳು ಹಿಡಿದು ಜಗ್ಗಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಚೆ ಬಂದ ಮೇಲೆ ಒಬ್ಬೊಬ್ಬರೂ ನನಗೆ ಬುದ್ಧಿ ಹೇಳಿದರು, ಸತ್ತವರ ಎದುರಿಗೆ ಇದೆಲ್ಲ ಬೇಕಿತ್ತಾ ಎಂದು. ಬೇಕಿತ್ತು.

ಮುಂದಿನ ಭಾನುವಾರ ಏವನ್‌ಡೇಲಿಗೆ ಒಬ್ಬಳೇ ಹೋದೆ. ಚೀನೀ ಅಜ್ಜಿ ಹುರುಳಿಕಾಯಿ ತೂಗಿ ಚೀಲಕ್ಕೆ ಸುರಿದು, ನನ್ನ ಹೆಗಲಿನಾಚೆ ಕತ್ತು ಚಾಚಿ ನೋಡಿದಳು. ಕೈಸನ್ನೆಯಲ್ಲೇ, ಎಲ್ಲಿ ಅವಳು ಎಂದು ಕೇಳಿದಳು. ನಾನು ತಲೆಯಲ್ಲಾಡಿಸಿದೆ. ಅವಳಿಗೆ ತಿಳಿಯಿತು. ತಕ್ಕಡಿಯ ಮೇಲೆ ಕೈಯಿಟ್ಟು ನಿಂತಳು. ಹಿಂದೆ ಸಾಲಿನಲ್ಲಿದ್ದ ಯಾರೋ ಗೊಣಗಿದರು. ನಾನು ಚೀಲದ ಬಾಯಿ ಮುಚ್ಚಲಿಲ್ಲ. ಅವಳು ಒಂದು ಹಿಡಿ ತೆಗೆದು ಹಾಕಿದಳು. ಆಮೇಲೆ ಇನ್ನೊಂದು ಹಿಡಿ ಹಾಕಿದಳು.